ನಮ್ಮ ಜಿಲ್ಲೆಯ ಬೌರಿಂಗ್ ಸಾಹೇಬರು

ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ಬೆಳಗಿನ ಹೊತ್ತು ತಿರುಗಾಡುವುದು ನನಗೆ ಬಹುಕಾಲದ ಅಭ್ಯಾಸ. ಒಂದು ದಿನ ಸೈನ್ಯದ ತರುಣರು ಕೆಲವರು ಉದ್ದನೆಯ, ಬಲು ಕಿರಿದಾದ ದೋಣಿಯೊಂದನ್ನು ನೀರಿನ ಮೇಲೆ ನಡೆಸುತ್ತಿದ್ದರು. ಹುಟ್ಟು ಹಾಕುತ್ತಿದ್ದವರೆಲ್ಲರೂ ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿದ್ದರು. ಹಿಂಬದಿಯ ತುದಿಯಲ್ಲಿ ಕುಳಿತಿದ್ದ ಒಬ್ಬ ಸಣ್ಣಾಳು ಮಾತ್ರ ಮುಂದಕ್ಕೆ ಮುಖ ಮಾಡಿದ್ದ. ಅವನ ಕೈಯಲ್ಲಿ ಹುಟ್ಟಿರಲಿಲ್ಲ, ಚುಕ್ಕಾಣಿಯ ಹುರಿಯಿತ್ತು. ಅವನು ಕೂಗಿ ಹೇಳಿದ ತಾಳಕ್ಕೆ ಉಳಿದವರ ತೋಳುಗಳು ಏಳುತ್ತಿದ್ದವು, ಬೀಳುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ನಿವೃತ್ತ ಸೈನಿಕರೊಬ್ಬರು ಆ ಆಳಿಗೆ ಇಂಗ್ಲಿಷಿನಲ್ಲಿ ಕಾಕ್ಸ್ ಎನ್ನುತ್ತಾರೆಂದು ತಿಳಿಸಿದರು. ನನಗೆ ನಗು ಬಂತು. ಆ ಕೆರೆಗೆ ಅನತಿದೂರದಲ್ಲಿಯೇ ಕಾಕ್ಸ್‌ಟೌನ್ ಇದೆ. ದಂಡುಪ್ರದೇಶದ ಆಂಗ್ಲ ಅಧಿಕಾರಿಯೊಬ್ಬರ ಕುಲನಾಮ ಅಲ್ಲಿ ಬಡಾವಣೆಯ ಹೆಸರಾಗಿ ಉಳಿದಿದೆ. ಇಂಗ್ಲೆಂಡಿನಲ್ಲಿ ಕಾಕ್ಸ್ ಎಂಬುದು ನಮ್ಮಲ್ಲಿನ ಗೌಡ, ರಾವ್‌ಗಳಷ್ಟೇ ಸಾಧಾರಣವಾದ ಹೆಸರಂತೆ.

ಮನೆಗೆ ಹಿಂದಿರುಗುವಾಗ ಮನಸ್ಸು ಕಾಕ್ಸನನ್ನು ಬಿಟ್ಟು ನನ್ನ ಹುಟ್ಟೂರಿನ ಕಡೆಗೆ ಹರಿಯಿತು. ನನ್ನ ಜಿಲ್ಲೆ ಕೋಲಾರ. ಅಲ್ಲಿ ದೋಣಿ ತೇಲುವಂತಹ ಹೊಳೆಯಿಲ್ಲ. ಪಾಲಾರು, ಪಿನಾಕಿನಿಗಳು ವರ್ಷದ ಬಹುಭಾಗ ಮರಳಿನ ದಾರಿಗಳು. ಆದರೆ ಚುಕ್ಕಾಣಿ ಹಿಡಿದವನೊಬ್ಬನ ಹೆಸರನ್ನು ಆ ಜಿಲ್ಲೆ ಬಹುಕಾಲ ಹೊತ್ತುಕೊಂಡಿತ್ತು. ಇಂದು ಬಂಗಾರಪೇಟೆ ಎಂದು ನಾವು ಕರೆಯುವ ಊರು ಹಿಂದೆ ಬೌರಿಂಗ್‌ಪೇಟೆಯಾಗಿತ್ತು. ಆ ಹೆಸರಿನ ಹಿಂದೆ ಇದ್ದವರು ಲೂಯಿನ್ ಬೆಂಥಮ್ ಬೌರಿಂಗ್. 1862ರಿಂದ 1870ರ ವರೆಗೆ ಮೈಸೂರು ಸಂಸ್ಥಾನದ ಕಮೀಷನರಾಗಿದ್ದವರು. ಅವರ ಬಾಳಿನ ಕಥೆಯನ್ನು ಇಲ್ಲಿ ಸ್ಥೂಲವಾಗಿ ಹೇಳುವುದು ನನ್ನ ಉದ್ದೇಶ. ಅವರನ್ನು ಹೊಗಳುವ ಆತುರವೂ ನನಗಿಲ್ಲ, ಹಳಿಯುವ ಆತುರವೂ ಇಲ್ಲ. ಆದರೆ ನಮ್ಮ ಮನೆತನದ ಒಂದು ಸಣ್ಣ ಋಣ ಅವರ ಕಾಲಕ್ಕೆ ಹೋಗಿ ಮುಟ್ಟುತ್ತದೆ, ಅದನ್ನೂ ಹೇಳಬೇಕಾಗಿದೆ.

ನಮ್ಮ ತಾತನವರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಶಾನುಭೋಗರು. ನನ್ನ ಬಾಲ್ಯದಲ್ಲಿ ಬೆಂಗಳೂರಿಗೆ ಹೋಗುವುದೆಂದರೆ ಶ್ರೀನಿವಾಸಪುರದಲ್ಲಿ ಪುಟ್ಟ ರೈಲನ್ನು ಹತ್ತಿ ಕೋಲಾರವನ್ನು ದಾಟಿ, ದೊಡ್ಡ ಹಳಿಯ ಜಂಕ್ಷನ್ನಿನಲ್ಲಿಳಿದು, ಮದರಾಸಿನ ಕಡೆಯಿಂದ ಬರುವ ದೊಡ್ಡ ರೈಲಿಗೆ ಕಾಯುವುದು. ಆಮೇಲೆ ಟೇಕಲ್, ಮಾಲೂರು, ವೈಟ್‌ಫೀಲ್ಡ್. ಆ ಜಂಕ್ಷನ್ನಿಗೆ ತಾತನವರು ಕೊನೆಯ ತನಕ ಬೌರಿಂಗ್‌ಪೇಟೆ ಎಂದೇ ಹೇಳುತ್ತಿದ್ದರು. ಯಾರಾದರೂ ತಿದ್ದಿದರೆ ಕೋಪಿಸುತ್ತಿರಲಿಲ್ಲ. ಮರುಕ್ಷಣವೇ ಮತ್ತೆ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಸಾಹೇಬರ ಮೇಲಿನ ಭಕ್ತಿಯಿಂದ ಹಾಗೆ ಹೇಳುತ್ತಿದ್ದರೆಂದು ನಾನು ಭಾವಿಸುವುದಿಲ್ಲ. ಊರುಗಳ ಹೆಸರುಗಳನ್ನು ದಫ್ತರದಲ್ಲಿ ಬರೆದು ಬರೆದು ಪಳಗಿದ ಕೈಗೆ ಹಳೆಯ ಹೆಸರೇ ಸಹಜವಾಗಿತ್ತು.

ನಮ್ಮ ಸೀಮೆಯ ಊರುಗಳ ಹೆಸರುಗಳಿಗೆಲ್ಲ ಒಂದೊಂದು ಕಥೆಯುಂಟು. ಮುಳಬಾಗಿಲು ಎಂದರೆ ಮೂಡಣ ಬಾಗಿಲು, ಸೀಮೆಯ ಪೂರ್ವದ್ವಾರ. ಕೋಲಾರ ಗಂಗರ ಕಾಲದ ಕುವಲಾಲ. ಶ್ರೀನಿವಾಸಪುರ ಹಿಂದೆ ಪಾಪನಪಲ್ಲಿಯಾಗಿತ್ತು; ದಿವಾನ್ ಪೂರ್ಣಯ್ಯನವರು ತಿರುಪತಿಯ ಯಾತ್ರೆಯನ್ನು ಮುಗಿಸಿಕೊಂಡು ಬರುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕಿಟ್ಟರೆಂದು ಗೆಜೆಟಿಯರು ಹೇಳುತ್ತದೆ. ದಿವಾನರ ಮಗನ ಹೆಸರು ನಿಂತಿತು, ಕಮೀಷನರ ಹೆಸರು ನಿಲ್ಲಲಿಲ್ಲ. ಏಕೆ ಎಂಬ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಬೌರಿಂಗರು ಯಾರು, ಇಲ್ಲಿ ಏನು ಮಾಡಿದರು ಎಂಬುದನ್ನು ಮೊದಲು ತಿಳಿಯಬೇಕು.

ಬೌರಿಂಗರು ಹುಟ್ಟಿದ್ದು 1824ರಲ್ಲಿ. ತಂದೆ ಸರ್ ಜಾನ್ ಬೌರಿಂಗ್ ಆ ಕಾಲದ ಇಂಗ್ಲೆಂಡಿನ ಪ್ರಸಿದ್ಧ ಪುರುಷರಲ್ಲೊಬ್ಬರು. ಅನೇಕ ಭಾಷೆಗಳನ್ನು ಬಲ್ಲವರು, ರಷ್ಯಾ ಮೊದಲಾದ ದೇಶಗಳ ಕವಿತೆಗಳನ್ನು ಇಂಗ್ಲಿಷಿಗೆ ತಂದವರು, ಪಾರ್ಲಿಮೆಂಟಿನ ಸದಸ್ಯರಾಗಿದ್ದವರು, ಮುಂದೆ ಹಾಂಗ್‌ಕಾಂಗಿನ ಗವರ್ನರಾದವರು. ಅವರು ಜೆರೆಮಿ ಬೆಂಥಮ್ ಎಂಬ ತತ್ತ್ವಜ್ಞಾನಿಯ ಆಪ್ತಶಿಷ್ಯರು. ಬಹುಜನರ ಬಹುಸುಖವೇ ರಾಜ್ಯಾಡಳಿತದ ಗುರಿ ಎಂದು ಬೋಧಿಸಿದ ಆ ಬೆಂಥಮನ ಹೆಸರನ್ನೇ ಮಗನಿಗೂ ಸೇರಿಸಿದರು. ಲೂಯಿನರ ಸಹೋದರರಲ್ಲಿ ಒಬ್ಬರಾದ ಎಡ್ಗರ್ ಜರ್ಮನ್ ಕವಿಗಳ ಅನುವಾದಕರಾಗಿ ಹೆಸರಾದರು. ಇನ್ನೊಬ್ಬರಾದ ಜಾನ್ ಚಾರ್ಲ್ಸ್ ಕೀಟಗಳ ಸಂಗ್ರಹದಲ್ಲಿ ಆಸಕ್ತರಾಗಿದ್ದರು. ಇಂತಹ ಮನೆಯಲ್ಲಿ ಬೆಳೆದ ಹುಡುಗನಿಗೆ ಎಣಿಸುವುದು, ಅಳೆಯುವುದು, ವಿಂಗಡಿಸುವುದು, ಬರೆದಿಡುವುದು ಎಳವೆಯಿಂದಲೇ ಬಂದ ಗುಣಗಳಾಗಿದ್ದರೆ ಆಶ್ಚರ್ಯವಿಲ್ಲ.

ಕಂಪನಿಯ ನೌಕರರನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ, 1843ರಲ್ಲಿ ಬಂಗಾಳದ ಸಿವಿಲ್ ಸರ್ವಿಸಿಗೆ ಸೇರಿ ಅವರು ಭಾರತಕ್ಕೆ ಬಂದರು. 1847ರಲ್ಲಿ ಲಾಹೋರಿನ ರೆಸಿಡೆಂಟರಿಗೆ ಸಹಾಯಕರಾದರು. ಸಿಖ್ಖರ ರಾಜ್ಯ ಕುಸಿದು, ಕಂಪನಿಯ ಕೈಸೇರಿ, ಹೊಸ ಆಡಳಿತದ ಎರಕಕ್ಕೆ ಬೀಳುತ್ತಿದ್ದ ಕಾಲ ಅದು. ಒಂದು ರಾಜ್ಯವನ್ನು ಜಿಲ್ಲೆಗಳನ್ನಾಗಿ ಕತ್ತರಿಸಿ, ಒಂದೊಂದಕ್ಕೆ ಒಬ್ಬ ಡೆಪ್ಯುಟಿ ಕಮೀಷನರನ್ನು ಕೂರಿಸಿ, ಕಂದಾಯ, ನ್ಯಾಯ, ಪೊಲೀಸು ಎಲ್ಲವನ್ನೂ ಅವನ ಕೈಗೆ ಕೊಡುವ ಪದ್ಧತಿಯನ್ನು ಅವರು ಕಲಿತದ್ದು ಪಂಜಾಬಿನಲ್ಲಿ. 1858ರಿಂದ 1862ರ ವರೆಗೆ ವೈಸರಾಯ್ ಲಾರ್ಡ್ ಕ್ಯಾನಿಂಗರಿಗೆ ಆಪ್ತ ಕಾರ್ಯದರ್ಶಿಯಾಗಿದ್ದರು. ದಂಗೆಯ ಹೊಗೆ ಇನ್ನೂ ಆರದಿದ್ದ ಆ ವರ್ಷಗಳಲ್ಲಿ ಅಧಿಕಾರದ ಕೇಂದ್ರಸ್ಥಾನವನ್ನು ಅವರು ಹತ್ತಿರದಿಂದ ಕಂಡರು. ಕ್ಯಾನಿಂಗರು ದೇಶವನ್ನು ಬಿಟ್ಟ ವರ್ಷದಲ್ಲಿಯೇ ಬೌರಿಂಗರಿಗೆ ಮೈಸೂರು ದೊರಕಿತು. ಆಗ ಅವರಿಗೆ ಸುಮಾರು ಮೂವತ್ತೆಂಟು ವಯಸ್ಸು.

ಮೈಸೂರಿನ ಅಂದಿನ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. 1831ರಲ್ಲಿ, ನಗರದ ರೈತರ ದಂಗೆಯ ನಂತರ, ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು. ಅರಸರು ಮೈಸೂರಿನ ಅರಮನೆಯಲ್ಲಿ, ಆಡಳಿತ ಬೆಂಗಳೂರಿನಲ್ಲಿ. ದೋಣಿಯ ಒಡೆಯರು ದಡದಲ್ಲಿ ನಿಂತಿದ್ದರು, ಚುಕ್ಕಾಣಿ ಬೇರೊಬ್ಬನ ಕೈಯಲ್ಲಿತ್ತು, ಹುಟ್ಟು ಹಾಕುವವರು ಎಂದಿನಂತೆ ರೈತರೇ. ದೋಣಿ ಎತ್ತ ಸಾಗುತ್ತಿದೆಯೆಂಬುದು ಅವರ ಬೆನ್ನಿಗೆ ಮಾತ್ರ ತಿಳಿಯುತ್ತಿತ್ತು. ಕಬ್ಬನ್ ಸಾಹೇಬರು 1834ರಿಂದ 1861ರ ವರೆಗೆ ಚುಕ್ಕಾಣಿ ಹಿಡಿದು, ಹಳೆಯ ಪದ್ಧತಿಗಳನ್ನು ಹೆಚ್ಚಾಗಿ ಕದಲಿಸದೆ, ಅಮಲ್ದಾರರ ಮೂಲಕ ಮನೆಯ ಹಿರಿಯನಂತೆ ಆಳಿದರು. ಊರಿಗೆ ಹಿಂದಿರುಗುವ ದಾರಿಯಲ್ಲಿ ಸೂಯೆಜಿನಲ್ಲಿ ತೀರಿಕೊಂಡರು. ಬೌರಿಂಗರು ಬಂದುದು ಆ ಹಿರಿಯನ ಜಾಗಕ್ಕೆ.

ಅವರು ಹಿರಿಯನಂತೆ ಆಳಲಿಲ್ಲ. ಯಂತ್ರವೊಂದನ್ನು ಜೋಡಿಸುವವನಂತೆ ಆಳಿದರು. 1863ರಲ್ಲಿ ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳನ್ನಾಗಿಯೂ ಎಂಟು ಜಿಲ್ಲೆಗಳನ್ನಾಗಿಯೂ ಹಂಚಿದರು. ನಂದಿದುರ್ಗ ವಿಭಾಗಕ್ಕೆ ಬೆಂಗಳೂರು, ಕೋಲಾರ, ತುಮಕೂರು ಸೇರಿದವು. ಇಂದು ನಾವು ನಮ್ಮ ಜಿಲ್ಲೆ ಎಂದು ಅಭಿಮಾನದಿಂದ ಹೇಳಿಕೊಳ್ಳುವ ಕೋಲಾರ ಜಿಲ್ಲೆ ಆಡಳಿತದ ಘಟಕವಾಗಿ ಮೂಡಿದ್ದು ಹೀಗೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಅದರ ಹರವು ಇನ್ನೂ ದೊಡ್ಡದಿತ್ತು. ನಮ್ಮ ಅಭಿಮಾನದ ಗಡಿಯನ್ನು ಎಳೆದವನು ಪರದೇಶೀಯನೊಬ್ಬನೆಂಬುದು ವಿಚಿತ್ರ. ಆದರೆ ಗಡಿಗಳ ಸ್ವಭಾವವೇ ಹಾಗೆ. ಎಳೆದವನನ್ನು ಮರೆತು ಒಳಗಿರುವವರು ಅದನ್ನು ತಮ್ಮದೆನ್ನುತ್ತಾರೆ. ಎಂಟು ಜಿಲ್ಲೆಗಳ ಕಾಗದಪತ್ರಗಳಿಗೆ, ಹತ್ತಾರು ಇಲಾಖೆಗಳಿಗೆ ಸ್ಥಳ ಬೇಕಾಯಿತು. 1864ರಿಂದ 1868ರೊಳಗೆ ಬೆಂಗಳೂರಿನಲ್ಲಿ ಕೆಂಪು ಬಣ್ಣದ ಅಠಾರಾ ಕಚೇರಿ ಎದ್ದುನಿಂತಿತು. ಅದು ಇಂದು ಉಚ್ಚ ನ್ಯಾಯಾಲಯದ ಭವನ. ಅದನ್ನು ರೂಪಿಸಿದ ಎಂಜಿನಿಯರ್ ಸ್ಯಾಂಕಿಯವರು ಆ ಕಾಲದಲ್ಲಿ ಕೆರೆಗಳ ಕಡೆಗೂ ದೃಷ್ಟಿ ಹರಿಸಿದರು. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಒಡಲಿಗೆ ಇಳಿಯುವ ಸರಣಿಯನ್ನು ಒಂದು ಕುಟುಂಬವೆಂದು ಎಣಿಸಿ ದುರಸ್ತಿ ಮಾಡಬೇಕೆಂಬ ವಿವೇಕ ಅವರದು. ಕೆರೆಗಳನ್ನೇ ನಂಬಿ ಬಾಳುವ ಕೋಲಾರದವರಿಗೆ ಈ ಮಾತಿನ ಬೆಲೆ ಗೊತ್ತು.

1864ರಲ್ಲಿ ಮದರಾಸು ರೈಲ್ವೆಯ ಹಳಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ವರೆಗೆ ಬಂದು ಮುಟ್ಟಿತು. ಹಳಿಯ ದಾರಿ ಕೋಲಾರವನ್ನಾಗಲಿ ಮುಳಬಾಗಿಲನ್ನಾಗಲಿ ತಾಕದೆ, ದಕ್ಷಿಣದ ಬಯಲಿನಲ್ಲಿ ಹಾದು ಟೇಕಲ್, ಮಾಲೂರುಗಳನ್ನು ಹಿಡಿದುಹೋಯಿತು. ಆ ಬಯಲಿನಲ್ಲೊಂದು ನಿಲ್ದಾಣ. ನಿಲ್ದಾಣದ ಸುತ್ತ ಅಂಗಡಿಗಳು, ಮಂಡಿಗಳು, ಕಚೇರಿ, ಪೇಟೆ. ಆ ಹೊಸ ಪೇಟೆಗೆ ಕಮೀಷನರ ಹೆಸರನ್ನಿಟ್ಟರು. ಅದುವರೆಗೆ ತಾಲ್ಲೂಕಿನ ಮುಖ್ಯಸ್ಥಳವಾಗಿದ್ದುದು ಪಾಲಾರಿನ ದೊಡ್ಡ ಕೆರೆಯನ್ನು ಅಂಗಳದಲ್ಲಿಟ್ಟುಕೊಂಡಿದ್ದ ಪ್ರಾಚೀನ ಬೇತಮಂಗಲ. ಕಚೇರಿ ಬೌರಿಂಗ್‌ಪೇಟೆಗೆ ಹೋಯಿತು, ವ್ಯಾಪಾರವೂ ಅದರ ಹಿಂದೆ ಹೋಯಿತು. ಬೇತಮಂಗಲದ ಬೀದಿಗಳು ಬರಿದಾದವು. ಒಂದು ಹಳಿ ಒಂದು ಊರನ್ನು ಹುಟ್ಟಿಸುವಾಗ ಇನ್ನೊಂದು ಊರನ್ನು ಸೊರಗಿಸುತ್ತದೆಯೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಮುಂದೆ 1894ರಲ್ಲಿ ಬೌರಿಂಗ್‌ಪೇಟೆಯಿಂದ ಚಿನ್ನದ ಗಣಿಗೂ, 1913ರಲ್ಲಿ ಕೋಲಾರಕ್ಕೂ ಹಳಿಗಳು ಕವಲೊಡೆದವು. ನಮ್ಮ ತಾತನವರ ಪುಟ್ಟ ರೈಲು ಆ ಎರಡನೆಯ ಕವಲಿನ ಮುಂದುವರಿಕೆ.

ಇನ್ನು ಭೂಮಿಯ ಮಾತು. ಹಿಂದೆ ನಮ್ಮಲ್ಲಿ ಹೊಲಗದ್ದೆಗಳ ವಿಸ್ತಾರವನ್ನು ಬಿತ್ತುವ ಬೀಜದಿಂದ ಹೇಳುತ್ತಿದ್ದರು. ಖಂಡುಗ, ಕೊಳಗಗಳ ಲೆಕ್ಕ ಅದು. ಒಂದು ಖಂಡುಗದ ಖುಷ್ಕಿಗೂ ಒಂದು ಖಂಡುಗದ ತರಿಗೂ ವಿಸ್ತಾರದಲ್ಲಿ ಬಹಳ ಅಂತರ. ಗಡಿಯ ವಿಷಯದಲ್ಲಿ ಸಂದೇಹ ಬಂದರೆ ಹಿರಿಯರ ನೆನಪು, ಪಂಚಾಯಿತಿಯ ಮಾತು, ಕೊನೆಗೆ ದೇವರ ಮುಂದೆ ಪ್ರಮಾಣ. ಬೌರಿಂಗರ ಕಾಲದಲ್ಲಿ, 1863ರಲ್ಲಿ, ಮುಂಬಯಿ ಪ್ರಾಂತದ ಪದ್ಧತಿಯಂತೆ ಸಂಸ್ಥಾನದ ಮೋಜಣಿ ಪ್ರಾರಂಭವಾಯಿತು. ಮೂವತ್ತಮೂರು ಅಡಿಯ ಸರಪಳಿಯಿಂದ ಹೊಲ ಹೊಲವನ್ನೂ ಅಳೆದು, ಒಂದೊಂದಕ್ಕೂ ನಂಬರು ಕೊಟ್ಟು, ಮೂಲೆಗಳಲ್ಲಿ ಕಲ್ಲು ನೆಟ್ಟು, ಮಣ್ಣಿನ ಗುಣವನ್ನು ನೋಡಿ ಕಂದಾಯವನ್ನು ಗೊತ್ತುಮಾಡುವ ಕ್ರಮ ಅದು. ಸರಪಳಿಯ ಚೌಕ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಉತ್ತರದ ಸೀಮೆಯಲ್ಲಿ ಮೊದಲಾದ ಈ ಕೆಲಸ ನಮ್ಮ ತಾಲ್ಲೂಕುಗಳಿಗೆ ಬಂದುದು ಬೌರಿಂಗರು ಊರಿಗೆ ಹಿಂದಿರುಗಿ ಎಷ್ಟೋ ವರ್ಷಗಳಾದ ಮೇಲೆ. ಆದರೆ ಕೆಲಸಕ್ಕೆ ಹೊರಟ ದಿನದ ಗುರಿ ಅವರದೇ.

ನಮ್ಮ ಮನೆಯ ಋಣವೆಂದು ಮೊದಲು ಹೇಳಿದೆನಲ್ಲ, ಅದು ಇದು. ತಾತನವರು ತೀರಿಕೊಂಡ ಮೇಲೆ ನಮ್ಮ ತಂದೆಗೂ ದೊಡ್ಡಪ್ಪನವರಿಗೂ ಕೆರೆಯ ಕೆಳಗಿನ ಗದ್ದೆಯ ಬದುವಿನ ವಿಷಯದಲ್ಲಿ ಮನಸ್ತಾಪ ಬಂತು. ಆರು ವರ್ಷ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಒಂದೇ ಬಾವಿಯ ನೀರು ಸೇದುವ ಎರಡು ಮನೆಗಳ ಹೆಂಗಸರು ಕಣ್ತಪ್ಪಿಸಿ ಮಾತನಾಡಿಕೊಳ್ಳಬೇಕಾದ ಕಾಲ ಅದು. ಕೊನೆಗೆ ದೊಡ್ಡಪ್ಪನವರು ಅಳತೆಗೆ ಅರ್ಜಿ ಹಾಕಿದರು. ಮೋಜಣಿದಾರರು ಹಳೆಯ ಟಿಪ್ಪಣಿಯ ನಕಲನ್ನು ಹಿಡಿದುಕೊಂಡು ಬಂದರು, ಸರಪಳಿ ಎಳೆದರು, ಲಂಟಾನದ ಪೊದೆಯನ್ನು ಕಡಿಸಿದರು, ಅಗೆಸಿದರು. ಮಣ್ಣಿನ ಮೊಳದುದ್ದ ಕೆಳಗೆ ಹಳೆಯ ಬಾಂದುಕಲ್ಲು ಸಿಕ್ಕಿತು. ಅದು ನಮ್ಮ ಬದುವಿನಿಂದ ನಾಲ್ಕು ಅಡಿ ಒಳಗಿತ್ತು. ತಪ್ಪು ನಮ್ಮದಾಗಿತ್ತು. ನಮ್ಮ ತಂದೆ ಬಹಳ ಹೊತ್ತು ಆ ಕಲ್ಲನ್ನೇ ನೋಡುತ್ತ ನಿಂತರು. ಮರುದಿನ ಆಳನ್ನು ಕರೆಯದೆ ತಾವೇ ಹಾರೆ ಹಿಡಿದು ಹಳೆಯ ಬದುವನ್ನು ಕಡಿದು, ಕಲ್ಲಿನ ನೇರಕ್ಕೆ ಹೊಸ ಬದು ಹಾಕಿದರು. ಸಂಜೆ ದೊಡ್ಡಪ್ಪನವರು ಬಂದು ಬದುವಿನ ಆಚೆ ಬದಿಯಲ್ಲಿ ಕುಳಿತರು. ಅವರಿಬ್ಬರೂ ಆಡಿದ ಮೊದಲನೆಯ ಮಾತು ಮಳೆಯ ವಿಷಯ.

ಹಿರಿಯರ ನೆನಪು ಪಕ್ಷಪಾತ ಮಾಡಬಹುದಾಗಿತ್ತು, ದೇವರ ಮುಂದಿನ ಪ್ರಮಾಣ ಸುಳ್ಳಾಗಬಹುದಾಗಿತ್ತು. ಆ ಕಲ್ಲಿಗೆ ನಮ್ಮ ಪರಿಚಯವಿರಲಿಲ್ಲ. ಅದೇ ಅದರ ಶಕ್ತಿ. ಆದರೆ ಅದೇ ಕಲ್ಲು ಕಂದಾಯದ ಕಲ್ಲೂ ಹೌದೆಂಬುದನ್ನು ಮರೆಯಬಾರದು. ರೈತನ ಗದ್ದೆ ಎಷ್ಟೆಂದು ತಿಳಿದ ಸರ್ಕಾರಕ್ಕೆ ಅವನಿಂದ ಎಷ್ಟು ಬರಬೇಕೆಂಬುದೂ ತಿಳಿಯಿತು. ಮಳೆ ಬಾರದ ವರ್ಷ ಆಕಾಶ ಲೆಕ್ಕ ತಪ್ಪಿದರೂ ಪುಸ್ತಕದ ಲೆಕ್ಕ ತಪ್ಪುತ್ತಿರಲಿಲ್ಲ. 1866ರಲ್ಲಿ ಏರ್ಪಟ್ಟ ಇನಾಂ ಕಮಿಷನ್ನು ತಲೆತಲಾಂತರದಿಂದ ಅನುಭವಿಸಿಕೊಂಡು ಬಂದ ಮಾನ್ಯಗಳ ಹಕ್ಕುಪತ್ರಗಳನ್ನು ಕೇಳತೊಡಗಿದಾಗ ಎಷ್ಟೋ ಮನೆಗಳಲ್ಲಿ ತಾಮ್ರಪಟಗಳಿಗಾಗಿ ಪೆಟ್ಟಿಗೆಗಳನ್ನು ತಡಕಾಡಿರಬೇಕು.

ಬೌರಿಂಗರ ಆಡಳಿತದಲ್ಲಿ ವಿದ್ಯೆಗೆ ಸಂಬಂಧಿಸಿದ ಕೆಲಸಗಳೂ ನಡೆದವು. 1865ರಲ್ಲಿ ಬೆಂಗಳೂರಿನ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ಮೇಜರ್ ಡಿಕ್ಸನ್ ಎಂಬವರಿಂದ ಶಾಸನಗಳ ಛಾಯಾಚಿತ್ರಗಳನ್ನು ತೆಗೆಸಿದ್ದು ಆ ಕಾಲದಲ್ಲಿಯೇ. ಆ ಚಿತ್ರಗಳನ್ನು ಓದಿ ಅರ್ಥಮಾಡುವ ಕೆಲಸ ಬಿ. ಎಲ್. ರೈಸರ ಪಾಲಿಗೆ ಬಂತು. ಅದರ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಸಂಪುಟವೂ, ಆಮೇಲೆ ಎಪಿಗ್ರಾಫಿಯ ಕರ್ನಾಟಿಕದ ಮಹಾಸಂಪುಟಗಳೂ ಹೊರಬಂದವು. 1905ರ ಹತ್ತನೆಯ ಸಂಪುಟ ನಮ್ಮ ಕೋಲಾರದ್ದು. ಆವನಿಯ, ಕೋಲಾರದ, ಮುಳಬಾಗಿಲಿನ ಕಲ್ಲುಗಳು ಅಲ್ಲಿ ಮಾತನಾಡುತ್ತವೆ. ಅದೇ ರೈಸರ ಯೋಜನೆಯಂತೆ 1868ರಲ್ಲಿ ಹೋಬಳಿಗೊಂದು ಕನ್ನಡ ಶಾಲೆಯ ವ್ಯವಸ್ಥೆಗೆ ಒಪ್ಪಿಗೆ ದೊರೆಯಿತು. ಕೂಲಿಮಠದ ಉಪಾಧ್ಯಾಯರನ್ನೇ ತರಬೇತಿಗೆ ಕಳುಹಿಸಿ ಅಲ್ಲಿ ನೇಮಿಸಿಕೊಳ್ಳುವ ಯೋಜನೆ ಅದು. ಅಕ್ಷರ ಹಳ್ಳಿಗೆ ಹತ್ತಿರವಾಗುತ್ತಿದ್ದ ಆ ಕಾಲದ ಬೆನ್ನಿಗೇ, 1887ರಲ್ಲಿ ಮುಳಬಾಗಿಲಿನಲ್ಲಿ ಡಿ.ವಿ.ಜಿ.ಯವರೂ, 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿಯವರೂ ಹುಟ್ಟಿದರು. ಪ್ರತಿಭೆಯನ್ನು ಸರ್ಕಾರ ಹುಟ್ಟಿಸಲಾರದು; ಅದು ನಡೆಯಲು ದಾರಿ ಮಾಡಬಲ್ಲುದು. ರೈಸರು 1868ರಲ್ಲಿ ಸಾಹಿತ್ಯ ವಿಜ್ಞಾನಗಳ ಚರ್ಚೆಗಾಗಿ ಪ್ರಾರಂಭಿಸಿದ ಸಂಸ್ಥೆಗೂ, ಶಿವಾಜಿನಗರದ ದೊಡ್ಡ ಆಸ್ಪತ್ರೆಗೂ ಬೌರಿಂಗರ ಹೆಸರು ಬಂತು. ಆ ಎರಡೂ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಹೊಸ ಯಂತ್ರಕ್ಕೆ ಹೊಸ ಆಳುಗಳು ಬೇಕಾದರು. ಮೇಲಿನ ಸ್ಥಾನಗಳಿಗೆ ಆಂಗ್ಲರೇ ಬಂದರು. ಅವರ ದೊಡ್ಡ ಸಂಬಳಗಳು ಮೈಸೂರಿನ ಬೊಕ್ಕಸದಿಂದಲೇ ಸಲ್ಲಬೇಕು. ಕಬ್ಬನರ ಕಾಲದಲ್ಲಿ ದೇಶೀಯರ ಕೈಯಲ್ಲಿದ್ದ ಎಷ್ಟೋ ಹೊಣೆಗಳು ಅವರ ಕೈಜಾರಿದವು. ಈ ದುಬಾರಿ ಆಡಳಿತವನ್ನು ಮುಂದೆ ದಿವಾನರಾದ ರಂಗಾಚಾರ್ಲು ಅವರು 1874ರಲ್ಲಿ ಪ್ರಕಟವಾದ ಒಂದು ಕಿರುಹೊತ್ತಗೆಯಲ್ಲಿ ನಿಷ್ಠುರವಾಗಿ ಟೀಕಿಸಿದರು. ಬಹುಜನರ ಬಹುಸುಖವೆಂಬ ಬೆಂಥಮನ ಸೂತ್ರದಲ್ಲಿ, ಆ ಬಹುಜನರು ತಮ್ಮನ್ನು ತಾವೇ ಆಳಿಕೊಳ್ಳುವುದೂ ಒಂದು ಸುಖವೆಂಬ ಮಾತು ಬೌರಿಂಗರ ಪೀಳಿಗೆಯ ಅಧಿಕಾರಿಗಳಿಗೆ ಹೊಳೆಯಲಿಲ್ಲ.

ದಡದಲ್ಲಿ ನಿಂತ ಒಡೆಯರು ಮಾತ್ರ ದೋಣಿಯನ್ನು ಮರೆತಿರಲಿಲ್ಲ. ಮುಮ್ಮಡಿಯವರು ಮನವಿಯ ಮೇಲೆ ಮನವಿ ಸಲ್ಲಿಸಿದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆ ದತ್ತನ್ನು ರಾಜ್ಯದ ಮಟ್ಟಿಗೆ ಒಪ್ಪುವುದಕ್ಕೆ ಇಂಗ್ಲೆಂಡಿನ ಸರ್ಕಾರ ಎರಡು ವರ್ಷ ತೆಗೆದುಕೊಂಡಿತು. 1867ರಲ್ಲಿ, ನಾರ್ತ್‌ಕೋಟರು ಮಂತ್ರಿಯಾಗಿದ್ದಾಗ, ರಾಜ್ಯವನ್ನು ಮುಂದೆ ಅರಸುಮನೆತನಕ್ಕೇ ಹಿಂದಿರುಗಿಸಬೇಕೆಂದು ನಿರ್ಧಾರವಾಯಿತು. ಮುಂದಿನ ವರ್ಷ ಮಾರ್ಚಿಯಲ್ಲಿ ಮುಮ್ಮಡಿಯವರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಐದು ವರ್ಷದ ಚಾಮರಾಜೇಂದ್ರರಿಗೆ ಪಟ್ಟವಾದಾಗ ಕಮೀಷನರಾಗಿದ್ದವರು ಬೌರಿಂಗರೇ. 1799ರಲ್ಲಿ ಪಟ್ಟವೇರಿದ ಬಾಲಕನಿಗೂ ಅಷ್ಟೇ ವಯಸ್ಸು. ಎರಡು ಮಕ್ಕಳ ನಡುವಣ ಆ ಎಪ್ಪತ್ತು ವರ್ಷಗಳಲ್ಲಿ ಎಷ್ಟೆಲ್ಲ ನೀರು ಹರಿದಿತ್ತು! ಆ ದಿನದಿಂದ ಬೌರಿಂಗರ ಚುಕ್ಕಾಣಿ ಒಪ್ಪಿಸಿಕೊಡಬೇಕಾದ ಚುಕ್ಕಾಣಿಯಾಯಿತು. 1881ರ ಮಾರ್ಚಿ 25ರಂದು ಅದು ಒಡೆಯರಿಗೆ ಮರಳಿತು.

ಅದನ್ನು ನೋಡಲು ಬೌರಿಂಗರು ಇಲ್ಲಿರಲಿಲ್ಲ. 1870ರಲ್ಲಿ ಅಧಿಕಾರವನ್ನು ರಿಚರ್ಡ್ ಮೀಡರಿಗೆ ಒಪ್ಪಿಸಿ ಇಂಗ್ಲೆಂಡಿಗೆ ಹಿಂದಿರುಗಿದ್ದರು. ಅವರು ಹೋದ ಮೇಲೆ ನಮ್ಮ ಜಿಲ್ಲೆ ಎರಡು ವಿಪರೀತಗಳನ್ನು ಕಂಡಿತು. ಒಂದು ಚಿನ್ನ: 1873ರಲ್ಲಿ ಮೈಕೇಲ್ ಲವೆಲ್ ಎಂಬಾತ ಗಣಿ ತೋಡಲು ಪರವಾನಗಿ ಕೇಳಿದ್ದರಿಂದ ಮೊದಲಾದ ಆ ಕಥೆ 2001ರಲ್ಲಿ ಗಣಿ ಮುಚ್ಚುವ ತನಕ ನಡೆಯಿತು. ಇನ್ನೊಂದು ಬರ: ಧಾತು, ಈಶ್ವರ ಸಂವತ್ಸರಗಳಲ್ಲಿ, 1876ರಿಂದ 1878ರ ವರೆಗೆ, ಐವತ್ತು ಲಕ್ಷ ಜನರ ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಕಮೀಷನರ ಕಾಲದಲ್ಲಿ ಕೂಡಿದ್ದ ಬೊಕ್ಕಸ ಕರಗಿ, ಎಂಬತ್ತು ಲಕ್ಷ ರೂಪಾಯಿ ಸಾಲ ನಿಂತಿತು. ಬೌರಿಂಗರ ರೈಲು ಮದರಾಸಿನ ಕಡೆಯಿಂದ ಧಾನ್ಯವನ್ನು ತಂದಿತು. ಆದರೆ ಅಚ್ಚುಕಟ್ಟಾದ ಯಂತ್ರವೂ ಹಸಿವಿನ ಮುಂದೆ ಎಷ್ಟು ಅಸಹಾಯಕವಾಗಬಲ್ಲುದೆಂಬುದನ್ನು ಆ ಎರಡು ವರ್ಷಗಳು ತೋರಿಸಿದವು.

ನಿವೃತ್ತರಾದ ಮೇಲೆ ಬೌರಿಂಗರು ಲೇಖನಿ ಹಿಡಿದರು. 1871ರಲ್ಲಿ ತಮ್ಮ ಪೂರ್ವದೇಶದ ಅನುಭವಗಳನ್ನು ಬರೆದರು. 1893ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಚರಿತ್ರೆಯನ್ನು ಪ್ರಕಟಿಸಿದರು. ನನ್ನ ಮನಸ್ಸನ್ನು ಬಹುವಾಗಿ ಸೆಳೆಯುವ ಸಂಗತಿ ಇದು. ಹೈದರನು ಹುಟ್ಟಿದ್ದು ಬೂದಿಕೋಟೆಯಲ್ಲಿ; ಬೌರಿಂಗರ ಹೆಸರು ಹೊತ್ತ ಪೇಟೆಗೆ ಅದು ಕೆಲವೇ ಮೈಲಿ. ಹೈದರನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದಲ್ಲಿ. 1768ರಲ್ಲಿ ಹೈದರನೂ ಇಂಗ್ಲಿಷರೂ ಮುಳಬಾಗಿಲಿನ ಬಂಡೆಗಳ ನಡುವೆ ಕಾದಿದರು. 1782ರಲ್ಲಿ ಚಿತ್ತೂರಿನ ಬಳಿ ಪಾಳೆಯದಲ್ಲಿ ಮಡಿದ ಅವನ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ಕೋಲಾರದ ಆ ತಂದೆಯ ಗೋರಿಯ ಬಳಿಯೇ ಇರಿಸಿದ್ದರು. ಕತ್ತಿಯಿಂದ ಈ ನೆಲವನ್ನಾಳಿದವನ ಕಥೆಯನ್ನು ಸರಪಳಿಯಿಂದ ಈ ನೆಲವನ್ನಳೆಸಿದವನು ಬರೆದ. ಅದು ಗೆದ್ದವರ ಕಣ್ಣಿನಿಂದ ಬರೆದ ಪುಸ್ತಕ. ಹೈದರನನ್ನು ನಮ್ಮವನಾಗಿ ಕಾಣಬೇಕಾದರೆ ನಾವು ಬೇರೆ ಪುಸ್ತಕಗಳನ್ನು ಓದಬೇಕು. ಬೌರಿಂಗರು 1910ರಲ್ಲಿ, ಎಂಬತ್ತೈದು ದಾಟಿದ ಮೇಲೆ, ಇಂಗ್ಲೆಂಡಿನಲ್ಲಿ ನಿಧನರಾದರು.

ಬೌರಿಂಗ್‌ಪೇಟೆ ಬಂಗಾರಪೇಟೆಯಾದುದಕ್ಕೆ ನನಗೆ ವ್ಯಸನವಿಲ್ಲ. ಅದು ಚಿನ್ನದ ಗಣಿಯ ಬಾಗಿಲಾಗಿತ್ತು, ಹೆಸರು ನಮ್ಮ ನಾಲಗೆಗೆ ಹೊಂದುತ್ತದೆ, ಗಣಿ ಮುಚ್ಚಿದರೂ ಅದರಲ್ಲಿ ಶುಭವಿದೆ. ಪೂರ್ಣಯ್ಯನವರ ಮಗನ ಹೆಸರು ನಿಂತದ್ದು ಅದು ತಿರುಪತಿಯ ದೇವರ ಹೆಸರೂ ಆಗಿದ್ದುದರಿಂದ. ಜನ ಹುಡುಗನನ್ನು ಮರೆತು ದೇವರನ್ನು ಉಳಿಸಿಕೊಂಡರು. ಬೌರಿಂಗರ ಹೆಸರಿಗೆ ಅಂತಹ 2ನೆಯ ಅರ್ಥವಿರಲಿಲ್ಲ.

ಹಲಸೂರಿನ ಆ ಹಿರಿಯ ಸೈನಿಕರು ಇನ್ನೊಂದು ಸಂಗತಿಯನ್ನೂ ಹೇಳಿದ್ದರು. ದೋಣಿಯ ಪಂದ್ಯದಲ್ಲಿ ಗೆದ್ದ ಮೇಲೆ ಹುಟ್ಟು ಹಾಕಿದವರೆಲ್ಲ ಸೇರಿ ಕಾಕ್ಸನನ್ನು ಎತ್ತಿ ನೀರಿಗೆ ಎಸೆಯುವುದು ವಾಡಿಕೆಯಂತೆ. ಅದರಲ್ಲಿ ದ್ವೇಷವಿಲ್ಲ, ಸಂತೋಷವೇ ಹೆಚ್ಚು. ದಾರಿ ತೋರಿಸಿದೆ ಸರಿ, ಬೆವರು ನಮ್ಮದು ಎಂಬುದು ಅದರ ಅರ್ಥವಿರಬೇಕು. ಬೌರಿಂಗರ ಹೆಸರು ಆ ನಿಲ್ದಾಣದ ಹಲಗೆಯಿಂದ ಇಳಿದುದನ್ನೂ ನಾನು ಹಾಗೆಯೇ ಭಾವಿಸುತ್ತೇನೆ.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪನವರೂ ಇಲ್ಲ, ನಮ್ಮ ತಂದೆಯೂ ಇಲ್ಲ. ಗದ್ದೆಯಿದ್ದ ಜಾಗದಲ್ಲಿ ಎರಡು ಕಡೆಯೂ ಮಾವಿನ ಗಿಡಗಳು ಎದ್ದಿವೆ. ಬಾಂದುಕಲ್ಲಿಗೆ ಯಾರೋ ಸುಣ್ಣ ಬಳಿದಿದ್ದರು. ದೊಡ್ಡಪ್ಪನವರ ಮೊಮ್ಮಗ ಅದರ ಮೇಲೆ ಕುಳಿತು ಕಬ್ಬು ತಿನ್ನುತ್ತಿದ್ದ. ಆ ಕಲ್ಲನ್ನು ಅಲ್ಲಿ ನೆಡಿಸಿದವರು ಯಾರೆಂದು ಅವನಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ. ಅವನು ಸ್ವಲ್ಪ ಸರಿದು ನನಗೂ ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟ.